ಉಮಾಪತಿಯವರ ಹೆಬ್ಬೆರಳು
ನಲವತ್ತೆಂಟರಲ್ಲೂ ರೇಸಿನ ಹುಚ್ಚು ಬಿಡದ ಗುರುದತ್, ಬೆಜವಾಡದ ಗವರ್ನರ್‌ಪೇಟೆಯ ಮೆಕ್ಯಾನಿಕ್ ಉಮಾಪತಿಯವರ ಗ್ರೀಸು ಮೆತ್ತಿದ ಕೈ ಕುಲುಕಿ ಅದೇ ಕೈಯಿಂದ ಮೂಗೊರೆಸಿಕೊಂಡ. ನರೆತ ಮೀಸೆ ಪುಕ್ಕಟೆ ಕಪ್ಪಾಯಿತು, ಶೆಡ್ಡೆಲ್ಲ ನಕ್ಕಿತು. ವಾರವೆಲ್ಲ ಬೀದಿಯಲ್ಲಿ ತೆವಳಿ ಭಾನುವಾರ ನೇರ ರಸ್ತೆಯ ಡ್ರ್ಯಾಗ್ ರೇಸಿನಲ್ಲಿ ಹಾರುವ ಕಾರುಗಳಿಗೆ ಎಂಜಿನ್ ಆಯಿಲ್ ಆರಿಸುವುದರಲ್ಲಿ ಉಮಾಪತಿ ಗಟ್ಟಿತನ ಹೇಳುವ ಡಬ್ಬದ ನಂಬರನ್ನು ನಂಬಿದವರಲ್ಲ. ಹೆಬ್ಬೆರಳು ತೋರುಬೆರಳ ನಡುವೆ ಹನಿ ಉಜ್ಜಿ, "ಇದು ತಿಳಿಸಾರು, ರೇಸಿಗೆ ಓಡುತ್ತೆ, ಬೆಜವಾಡದ ಬಿಸಿಲಿಗೆ ನೀರಾಗುತ್ತೆ. ಇದು ಹುಗ್ಗಿ, ಎಂಜಿನ್ ಉಳಿಯುತ್ತೆ, ಗೆಲ್ಲೋದಿಲ್ಲ" ಎಂದು ತೀರ್ಪು ಕೊಡುತ್ತಿದ್ದರು. ಇವತ್ತು ಗುರುದತ್ತನ ಕಾರಿಗೆ ಆಯಿಲ್ ಸುರಿದು ಮುಗಿಸಿದ ಮೇಲೂ ಬೆರಳು ಉಜ್ಜುತ್ತಲೇ ಇದ್ದರು. "ಶುಗರ್ ಕಾಯಿಲೆ ಅಂಡಿ," ಎಂದರು ತೆಲುಗಿನ ಮರ್ಯಾದೆ ಬೆರೆಸಿ. "ಬೆರಳಿಗೆ ಸ್ಪರ್ಶ ಹೋಗಿ ವರ್ಷವಾಯ್ತು. ಈ ಕೆಲಸ ಬಿಟ್ಟರೆ ಬೇರೆ ಬರಲ್ಲ." ನಾಳೆಯೇ ರೇಸು. ಗುರುದತ್ ಬಾನೆಟ್ಟಿನೊಳಗೆ ಇಣುಕಿದ. "ಹಾಗಾದ್ರೆ ಹಾಕಿದ್ದು ತೆಳುವೋ ಗಟ್ಟಿಯೋ, ಹೇಗೆ ಗೊತ್ತಾಗುತ್ತೆ ಉಮಾಪತಿಯವರೇ?" ಅವರು ಬೆರಳೊರೆಸಿಕೊಂಡರು. "ಎಂಜಿನ್ ಸುಟ್ಟರೆ, ತೆಳುವಾಗಿತ್ತು ಅಂತ."