ಹರಿಯದೆ ಇಟ್ಟ ಚೀಟಿಗಳು

ಆ ವರ್ಷ ಉಳಿದ ಚೀಟಿಗಳನ್ನು ನಾನು ಹರಿಯಲಿಲ್ಲ. ಹರಿದೆನೆಂದು ಅಕ್ಕನಿಗೆ ಸುಳ್ಳು ಹೇಳಿದೆ.

ಹತ್ತಿಮತ್ತೂರಿನಲ್ಲಿ ಅಕ್ಕನ ಮಹಿಳಾ ಸಂಘ ವರ್ಷಕ್ಕೊಮ್ಮೆ ಚೀಟಿ ಮಾರಿ, ನಂಬರ್ ಕೂಗಿ ತಂಬೋಲ ಆಡಿಸುತ್ತದೆ. ಬಂದ ದುಡ್ಡಿನಲ್ಲಿ ಕಣ್ಣಿನ ಆಪರೇಶನ್ ಆದ ಮುದುಕರಿಗೆ ಕನ್ನಡಕ ಕೊಡಿಸುತ್ತಾರೆ. ಧರ್ಮಕ್ಕೆ ಆಡಿಸಿದರೂ ಪರವಾನಗಿ ಬೇಕು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಷರತ್ತುಗಳನ್ನು ಅಕ್ಕನೇ ಓದಿ ಹೇಳುತ್ತಿದ್ದಳು. ಮಕ್ಕಳಿಗೆ ಚೀಟಿ ಮಾರಬಾರದು. ಸಂಘದವರ ಮನೆಯವರು ಆಡಬಾರದು. ಮಾರಾಟವಾಗದೆ ಉಳಿದ ಚೀಟಿಗಳನ್ನು ಆಟಕ್ಕೆ ಮೊದಲು ಹರಿದುಹಾಕಬೇಕು. ಹರಿಯುವ ಕೆಲಸ ನನ್ನದು.

ಆ ಸಲ ಚೀಟಿಯ ಮೇಲೆ ಊರ ದೇವಿಯ ಚಿತ್ರ ಅಚ್ಚಾಗಿತ್ತು. ದೇವರ ಚಿತ್ರವಿದ್ದರೆ ಹಳೆಯ ಲಗ್ನಪತ್ರಿಕೆಯನ್ನೂ ಹರಿಯದೆ ಹೊಳೆಗೆ ಬಿಡುವ ಮನೆ ನಮ್ಮದು. ನನ್ನ ಕೈ ಏಳಲಿಲ್ಲ. ಅಮಾವಾಸ್ಯೆಗೆ ನೀರಿಗೆ ಬಿಟ್ಟರಾಯಿತೆಂದು ಕಟ್ಟನ್ನು ಬಹುಮಾನದ ಕುಕ್ಕರಿನ ಡಬ್ಬಿಯ ಹಿಂದೆ ಇಟ್ಟೆ.

ಆಟ ನಡೆದಿರುವಾಗಲೇ ತಪಾಸಣೆಗೆ ಬಂದ ಸಾಹೇಬರ ಕೈಗೆ ಆ ಕಟ್ಟು ಸಿಕ್ಕಿತು. ಇದರಲ್ಲೇ ಗೆದ್ದ ಚೀಟಿ ತೆಗೆದು ಬಹುಮಾನ ನೀವೇ ಇಟ್ಟುಕೊಳ್ಳುತ್ತೀರೇನು ಎಂದು ಕೇಳಿದರು. ಅಕ್ಕ ನನ್ನ ಕಡೆ ಒಮ್ಮೆ ನೋಡಿ, ತನ್ನದೇ ತಪ್ಪು ಎಂದಳು. ನಾನು ಪಕ್ಕದಲ್ಲೇ ಸುಮ್ಮನೆ ನಿಂತಿದ್ದೆ.

ಪರವಾನಗಿ ಹೋಯಿತು. ಗಿರಣಿಯಲ್ಲಿ ಒಬ್ಬಳು, “ಮುದುಕರ ಹೆಸರ ಮ್ಯಾಲ ಕುಕ್ಕರ್ ಹೊಡ್ಯಾಕ ಹೊಂಟಿದ್ರಂತ,” ಎಂದು ಅಕ್ಕನಿಗೆ ಕೇಳುವಂತೆಯೇ ಅಂದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಕಣ್ಣಿನ ಆಪರೇಶನ್ ಆಗಿದ್ದ ಪಕ್ಕದ ಮನೆಯ ಅಜ್ಜಿ ಆ ವರ್ಷವಿಡೀ ಗಂಡನ ಕನ್ನಡಕ ಹಾಕಿಕೊಂಡು ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದಳು. ಅಕ್ಕ ಮಾತ್ರ ನನಗೆ ಏನನ್ನೂ ಕೇಳಲಿಲ್ಲ. ಹೋದಾಗಲೆಲ್ಲ ಮೊದಲಿನಂತೆಯೇ ಬಿಸಿ ರೊಟ್ಟಿ ಬಡಿದು, ಮೇಲೆ ಕೆನೆ ಮೊಸರು ಹಾಕಿ ಕೊಟ್ಟಳು. ಆ ಮೌನದ ಋಣ ನನ್ನ ಮೇಲೆ ಇನ್ನೂ ಇದೆ.

ಈ ವರ್ಷ ಮತ್ತೆ ಅರ್ಜಿ ಹಾಕಲು ಸವಣೂರಿಗೆ ಹೋದೆವು. ಕಚೇರಿಯ ಹೊರಗಿನ ಬೆಂಚಿನ ಮೇಲೆ ಕುಳಿತು ಅವಳು ಬರೆದದ್ದನ್ನು ಅಕ್ಷರ ಕೂಡಿಸಿ ಓದಿದೆ. “ನನ್ನ ಅಜಾಗರೂಕತೆಯಿಂದ” ಎಂದಿತ್ತು. ಅಕ್ಕ ಪೆನ್ನಿನ ಟೊಪ್ಪಿಗೆ ಹಾಕುತ್ತ ಹೇಳಿದಳು:

“ಈ ಸಲಾನೂ ಚೀಟಿ ಹರಿಯೂದು ನಿಂದ, ತಮ್ಮ. ದೇವಿ ಫೋಟೋ ಹಾಕ್ಸೂದಿಲ್ಲ, ತಗೋ.”

ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ನಾನು ಆ ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡೆ.

“ಇದನ್ನ ತಿದ್ದಿ ಬರಿ. ನನ್ನ ಹೆಸರು ಹಾಕು, ಒಳಗ ನಾನ ಹೇಳ್ತೇನಿ. ದೇವಿ ಚಿತ್ರ ಹರ್ಯಾಕ ಅಂಜಿದೆ, ನಿನ್ನ ಮ್ಯಾಲ ಮಾತು ಬಂದಾಗ ಬಾಯಿ ಬಿಡಾಕೂ ಅಂಜಿದೆ. ನಂದು ತಪ್ಪಾತು, ಅಕ್ಕ.”