ಇಪ್ಪತ್ತು ಬಿದ್ದ ಭಾನುವಾರ

ಮೇಜಿನ ಸುತ್ತ ಕೂತು, ಒಬ್ಬರು ಕತೆ ನಡೆಸುತ್ತ ಉಳಿದವರು ವೀರರೋ ಮಾಂತ್ರಿಕರೋ ಆಗಿ ರಾಕ್ಷಸರ ಗವಿಗೆ ನುಗ್ಗುವ ಆಟ ನಮ್ಮದು. ಗೆಲುವು ಸೋಲನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಪಿರಿಯಾಪಟ್ಟಣದ ನಮ್ಮ ಮನೆಯ ಜಗಲಿಯಲ್ಲಿ ಭಾನುವಾರ ಬೆಳಿಗ್ಗೆ ಮೂವರು ಸೇರುತ್ತಿದ್ದೆವು. ಹುಣಸೂರಿನ ಮರಗೆಲಸದ ಗೆಳೆಯ ಬೀಟೆ ಚೂರುಗಳಲ್ಲಿ ರಾಕ್ಷಸರನ್ನು ಕೆತ್ತಿ ತರುತ್ತಿದ್ದ. ಇನ್ನೊಬ್ಬಳು ಕೆ.ಆರ್. ನಗರದ ಗೆಳತಿ. ಕತೆ ನಡೆಸುವವಳು ನಾನು, ಹೈಸ್ಕೂಲಿನ ಕನ್ನಡ ಮೇಡಂ. ಆಟದ ಪುಸ್ತಕ ಇಂಗ್ಲಿಷಿನದು. ಮಂತ್ರಗಳನ್ನು ಇಂಗ್ಲಿಷಿನಲ್ಲೇ ಹೇಳಲು ನನ್ನ ಜಂಬ ಬಿಡಲಿಲ್ಲ. ಒಂದೊಂದನ್ನೂ ಕನ್ನಡಕ್ಕೆ ತಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ.

ಅವತ್ತು ಗವಿಯಲ್ಲಿ ರಾಕ್ಷಸ ಜೇಡ ಕಚ್ಚಿ ಗೆಳತಿಯ ವೀರನ ಕೈಕಾಲು ಬಿದ್ದುಹೋಗಿತ್ತು. ಮಾಂತ್ರಿಕನಾಗಿದ್ದ ಗೆಳೆಯ ಎದ್ದು ನಿಂತು, ಗಟ್ಟಿ ದನಿಯಲ್ಲಿ ನನ್ನ ಮಂತ್ರ ಓದಿದ. “ಕಟ್ಟು ಬಿಚ್ಚು ನರವೇ, ಗಂಟು ಬಿಚ್ಚು ಮೂಳೆಯೇ, ಬಿದ್ದವನೇ ಏಳು, ಎದ್ದು ನಡಿ.” ದಾಳದಲ್ಲಿ ಇಪ್ಪತ್ತು ಬಿತ್ತು. ನಮ್ಮ ನಿಯಮದಲ್ಲಿ ಇಪ್ಪತ್ತು ಬಿದ್ದರೆ ಎದುರು ಮಾತಿಲ್ಲ, ಆಗಲೇಬೇಕು. ವೀರ ಎದ್ದ, ನಾವು ಚಪ್ಪಾಳೆ ತಟ್ಟಿದೆವು.

ಕಾಂಪೌಂಡಿನ ಆಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯಾಕೆ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಅವರ ಗಂಡ ಟ್ರ್ಯಾಕ್ಟರ್ ಡ್ರೈವರ್, ನಲವತ್ತು ದಾಟಿಲ್ಲ. ಎರಡು ತಿಂಗಳ ಹಿಂದೆ ಲಕ್ವ ಹೊಡೆದು ಬಲಭಾಗ ಪೂರಾ ಬಿದ್ದುಹೋಗಿತ್ತು.

ಮಾರನೇ ಸಂಜೆ ಆಕೆ ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ ಇಟ್ಟುಕೊಂಡು ಬಂದು, ಆ ಮಂತ್ರವನ್ನು ತಮ್ಮ ಗಂಡನಿಗೂ ಹಾಕಿ ಎಂದರು. ಅದು ಬರೀ ಆಟ, ಮಂತ್ರ ನಾನೇ ಕಟ್ಟಿದ್ದು ಎಂದೆ. ಆಕೆ ಒಪ್ಪಿದವರ ಹಾಗೆ ತಲೆಯಾಡಿಸಿದರು. ನಮ್ಮ ಕಡೆ ಸರ್ಪಸುತ್ತಿಗೋ ಕಾಮಾಲೆಗೋ ಮಂತ್ರ ಹಾಕುವವರು ತಮಗೆ ಬರುತ್ತದೆ ಎಂದು ಬಾಯಿಬಿಡುವುದಿಲ್ಲ. ಹೇಳಿಕೊಂಡರೆ ಶಕ್ತಿ ಇಳಿಯುತ್ತದಂತೆ. ನಾನು ಇಲ್ಲ ಎಂದಷ್ಟೂ ಆಕೆಯ ನಂಬಿಕೆ ಗಟ್ಟಿಯಾಯಿತು.

“ಗೊತ್ತಿರೋರು ಯಾವತ್ತು ಗೊತ್ತು ಅಂದಾರು, ಮೇಡಂ? ನಂಗೇನೂ ಏಳ್ಕೊಡ್ಬೇಡಿ. ಒಂದ್ಸಲ ಬಂದು ಆಕ್ಬುಡಿ, ಸಾಕು.”

ಆಟದ ಪುಸ್ತಕ ತೆರೆದು ತೋರಿಸಿದೆ. ಅದರೊಳಗಿನ ಚಕ್ರ, ಗೆರೆಗಳ ಚಿತ್ರವನ್ನು ಆಕೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಫಿಸಿಯೋಥೆರಪಿ ಬಿಡಬೇಡಿ ಎಂದೆ. ಅದನ್ನೂ ಮಾಡಿಸುತ್ತಿದ್ದೇವೆ, ಇದೂ ಒಂದು ಆಗಲಿ ಎಂದರು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆಗ ನನಗೊಂದು ಉಪಾಯ ಹೊಳೆಯಿತು, ಹಾಳು ಉಪಾಯ. ಮಂತ್ರ ಹಾಕಬೇಕಾದರೆ ಗಂಡನ ಕೈಯಿಂದಲೇ ಇಪ್ಪತ್ತು ಬೀಳಬೇಕು, ಒಂದೇ ಸಲ ಎಸೆಯಬೇಕು ಎಂದೆ. ಬೀಳುವುದಿಲ್ಲ, ತಪ್ಪು ದಾಳದ ಮೇಲೆ ಹೋಗುತ್ತದೆ, ನಾನು ಪಾರು ಎಂದುಕೊಂಡೆ.

ಮುಂದಿನ ಭಾನುವಾರ ಹೋದೆ. ಆಕೆಯ ಗಂಡನಿಗೆ ಸ್ನಾನ ಮಾಡಿಸಿ, ಒಗೆದ ಅಂಗಿ ತೊಡಿಸಿ, ಮಂಚದ ಮೇಲೆ ದಿಂಬು ಒರಗಿಸಿ ಕೂರಿಸಿದ್ದರು. ಎಡಗೈಗೆ ದಾಳ ಕೊಟ್ಟೆ. ಹೆಂಡತಿ ಹಿಡಿದ ಸ್ಟೀಲ್ ತಟ್ಟೆಯಲ್ಲಿ ಅದು ಉರುಳಿ, ಅಂಚಿಗೆ ತಾಗಿ ನಿಂತಿತು. ಇಪ್ಪತ್ತು.

ಆಕೆ ತಲೆಯ ಮೇಲೆ ಸೆರಗು ಹೊದ್ದು ನನ್ನ ಕಡೆ ನೋಡಿದರು. ಓದಿದೆ. ಓದದೆ ಏನು ಮಾಡಲಿ? ನನ್ನ ಪ್ರಾಸ ನನಗೇ ಅಸಹ್ಯವಾಯಿತು. “ಎದ್ದು ನಡಿ” ಎಂದಾಗ ಅವರು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಬಲಗಾಲನ್ನು ಎತ್ತಲು ನೋಡಿದರು. ಹಣೆ ಬೆವರಿತು. ಹೆಂಡತಿಯ ಕಣ್ಣು ಗಂಡನ ಪಾದದ ಮೇಲೇ ಇತ್ತು. ಬೆರಳು ಕೂಡ ಅಲ್ಲಾಡಲಿಲ್ಲ.

ತುಂಬ ಹೊತ್ತಾದ ಮೇಲೆ ಅವರು ಕಣ್ಣು ಬಿಟ್ಟು, ತೊದಲುತ್ತ ನನಗೇ ಸಮಾಧಾನ ಹೇಳಿದರು.

“ನಿಮ್ದೇನೂ ತಪ್ಪಿಲ್ಲ ಬುಡಿ, ಮೇಡಂ. ಎಡಗೈಲಿ ಎಸ್ದೆ ನೋಡಿ, ಅದ್ಕೇ. ಬಲಗೈ ಬಂದ್ಮೇಲೆ ಇನ್ನೊಂದ್ಸಲ ಆಕ್ತೀನಿ.”

ತಟ್ಟೆಯಿಂದ ದಾಳ ತೆಗೆದುಕೊಂಡು ಮುಷ್ಟಿಯಲ್ಲಿ ಹಿಡಿದರು. ವಾಪಸ್ ಕೇಳದೆ ಎದ್ದು ಬಂದೆ.