ತೊಳೆದಿಟ್ಟ ಡಬ್ಬಿ

ಮಧುಗಿರಿಯಿಂದ ಸಿರಾ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಕಡಲೆಕಾಯಿ ಎಣ್ಣೆ ಗಿರಣಿ ಇತ್ತು. ಹದಿನೈದು ವರ್ಷದ ಹಿಂದೆ ಒಂದು ಮಧ್ಯಾಹ್ನ ಅದರ ಬಾಯ್ಲರ್ ಸಿಡಿಯಿತು. ಪಕ್ಕದ ಶೆಡ್ಡಿನಲ್ಲಿ ಕೂತು ಬೀಜ ಆರಿಸುತ್ತಿದ್ದ ಹೆಂಗಸರ ಮೇಲೆ ಗೋಡೆ ಬಿತ್ತು, ಆಮೇಲೆ ಬೆಂಕಿ ಹತ್ತಿತು. ಸತ್ತವರಲ್ಲಿ ಮದುವೆಯಾಗದ ಹುಡುಗಿಯರೇ ಹೆಚ್ಚು. ಆ ಹೊತ್ತಿಗೆ ನಾನು ತಾರಸಿಯ ಮೇಲೆ ಸಂಡಿಗೆ ಇಡುತ್ತಿದ್ದೆ. ಸದ್ದು ಕೇಳಿಸಿತು. ಯಾರೋ ಬಂಡೆಗೆ ಸಿಡಿಮದ್ದು ಹಾಕಿದ್ದಾರೆ ಅಂದುಕೊಂಡು ಹಿಟ್ಟು ಮುಗಿಯುವ ತನಕ ಸಂಡಿಗೆ ಇಟ್ಟೆ.

ಗಿರಣಿ ಈಗ ಇಲ್ಲ. ಅದರ ತೂಕದ ಕೋಣೆಯೊಂದು ಉಳಿದಿದೆ. ಸತ್ತವರ ಮನೆಯವರೆಲ್ಲ ಸೇರಿ ಅದಕ್ಕೆ ಸುಣ್ಣ ಹೊಡೆಸಿ, ಕಿಟಕಿಗೆ ಗಾಜು ಹಾಕಿಸಿ, ಒಂದು ಪುಟ್ಟ ಮ್ಯೂಸಿಯಂ ಮಾಡಿದ್ದಾರೆ. ಹೊರಗಿನ ಬೋರ್ಡಿನಲ್ಲಿ ‘ನೆನಪಿನ ಮನೆ’ ಎಂದಿದೆ. ಜನ ಕರೆಯುವುದು ಮಿಲ್ ರೂಮು ಅಂತ. ನಿವೃತ್ತರಾದ ಮೇಷ್ಟ್ರೊಬ್ಬರು ಅದರ ಉಸ್ತುವಾರಿ. ಸತ್ತವರಲ್ಲಿ ಮೂವರು ಅವರ ಶಾಲೆಯಲ್ಲಿ ಓದಿದವರು.

ನಾನು ಅಲ್ಲಿಗೆ ಹೋಗತೊಡಗಿದ್ದು ನನ್ನ ಕೈಬರಹದ ದೆಸೆಯಿಂದ. ಕಾನ್ವೆಂಟಿನ ಸಿಸ್ಟರ್‌ಗಳು ಸ್ಕೇಲಿನಿಂದ ಬೆರಳ ಗೆಣ್ಣಿಗೆ ತಟ್ಟಿ ತಟ್ಟಿ ದುಂಡಗೆ ಬರೆಯಲು ಕಲಿಸಿದ್ದರು. ಮದುವೆಯಾದ ಮೇಲೆ ಅದು ಉಪ್ಪಿನಕಾಯಿ ಜಾಡಿಯ ಚೀಟಿಗಷ್ಟೇ ಬಳಕೆಯಾಗುತ್ತಿತ್ತು. ವಸ್ತುಗಳ ಕೆಳಗೆ ಇಡುವ ಕಾರ್ಡುಗಳನ್ನು ಬರೆದುಕೊಡುತ್ತೀರಾ ಎಂದು ಮೇಷ್ಟ್ರು ಕೇಳಿದಾಗ ಒಪ್ಪಿಕೊಂಡೆ. ವಾರಕ್ಕೆ ಎರಡು ದಿನ ಹೋಗಿ ಕಸ ಗುಡಿಸಿ, ಗಾಜು ಒರೆಸಿ, ಕಾರ್ಡು ಬರೆದು ಬರುತ್ತಿದ್ದೆ.

ಇಡಲು ವಸ್ತುಗಳೇ ಕಡಿಮೆ ಇದ್ದವು. ನಮ್ಮ ಕಡೆ ಸತ್ತವರ ಬಟ್ಟೆಬರೆ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ತಿಥಿ ಕಳೆಯುವ ಹೊತ್ತಿಗೆ ಯಾರಿಗಾದರೂ ಕೊಟ್ಟುಬಿಡುತ್ತಾರೆ. ಹಾಗಾಗಿ ಒಂದು ಮೊರ, ಒಂಟಿ ಚಪ್ಪಲಿ, ಹಾಜರಿ ಬಿಲ್ಲೆಗಳು, ಗೋಡೆಯ ತುಂಬ ಫೋಟೊಗಳು, ಇಷ್ಟೇ ಇದ್ದದ್ದು.

ಕೊರಟಗೆರೆ ಕಡೆಯ ಹಳ್ಳಿಯ ಒಬ್ಬ ತಾಯಿಯ ಹತ್ತಿರ ಮಾತ್ರ ಮಗಳ ಊಟದ ಡಬ್ಬಿ ಉಳಿದಿತ್ತು. ಮೇಷ್ಟ್ರು ವರ್ಷಗಟ್ಟಲೆ ಕೇಳಿದರೂ ಅವರು ಕೊಟ್ಟಿರಲಿಲ್ಲ. ಉದ್ಘಾಟನೆಗೆ ಎರಡು ದಿನ ಇದೆ ಎನ್ನುವಾಗ, ಕೋಣೆಗೆ ಬೀಗ ಹಾಕಿದ್ದರಿಂದ, ಆ ತಾಯಿಯೇ ನೇರ ನಮ್ಮ ಮನೆಗೆ ಬಂದರು. ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ್ದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

“ಮಡಿಕ್ಕಳಿ ಅಮ್ಮಾರೆ. ನಂಗೂ ವಯಸ್ಸಾಯ್ತು. ನಾನ್ ಸತ್ತೋದ್ರೆ ಸೊಸೆ ಇದ್ನ ಗುಜ್ರಿಗೆ ಆಕ್ಬುಡ್ತಾಳೆ. ಅಲ್ಲಾದ್ರೆ ನಮ್ಮುಡ್ಗೀದು ಅಂತ ನಾಕ್ ಜನ ನೋಡ್ತಾರೆ.”

ಕಾಫಿ ಕೊಟ್ಟೆ. ಕುಡಿದು, ಲೋಟವನ್ನು ತಾವೇ ತೊಳೆದಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಮುಂದೆ ನಡೆದದ್ದು ನನ್ನ ಕೈಗೆ ಅಂಟಿದ ಅಭ್ಯಾಸದಿಂದ. ಹೊರಗಿನಿಂದ ಬಂದ ಪಾತ್ರೆಯನ್ನು ತೊಳೆಯದೆ ಒಳಗಿಡುವುದು ನಮ್ಮತ್ತೆಯ ಕಾಲದಿಂದಲೂ ಈ ಮನೆಯಲ್ಲಿಲ್ಲ. ಮನಸ್ಸು ಕಾರ್ಡಿನಲ್ಲಿ ಏನು ಬರೆಯಬೇಕು ಎಂಬುದರಲ್ಲಿತ್ತು. ಕೈ ಹುಣಸೆಹಣ್ಣು ನೆನೆಹಾಕಿತು. ಸಬೀನ ಹಾಕಿ, ತೆಂಗಿನ ನಾರಿನಿಂದ ತಿಕ್ಕಿದೆ. ಮಸಿ ಎಷ್ಟು ಗಟ್ಟಿಯಾಗಿತ್ತೆಂದರೆ ತೊಟ್ಟಿಯ ನೀರು ಮೂರು ಸಲ ಕಪ್ಪಾಯಿತು. ಡಬ್ಬಿಯನ್ನು ಬಿಸಿಲಿಗೆ ಬೋರಲು ಹಾಕಿದಾಗ ಅದು ಫಳಫಳ ಅಂದಿತು. ಆಗ ಗೊತ್ತಾಯಿತು ನಾನು ಮಾಡಿದ್ದೇನು ಎಂದು. ಆ ತಾಯಿ ಹದಿನೈದು ವರ್ಷ ತೊಳೆಯದೆ ಇಟ್ಟುಕೊಂಡಿದ್ದದ್ದು ಆ ಬೆಂಕಿಯ ಮಸಿಯನ್ನು.

ತಳದಲ್ಲಿ ಮೊಳೆಯಿಂದ ಬಡಿದ ಮೂರು ಚುಕ್ಕೆಗಳು ಕಂಡವು. ನೋಡಿದೆ, ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ.

ಸಂಜೆ ನಮ್ಮ ಯಜಮಾನರಿಗೆ ಹೇಳಿದೆ. ಅವರು ಪೇಪರು ಮಡಿಸಿ, “ಸ್ನಾನದ ಹಂಡೆ ಒಲೆ ಮೇಲೆ ಒಂದು ಗಂಟೆ ಹಿಡಿ, ಮೊದಲಿನ ಹಾಗೇ ಆಗುತ್ತೆ. ಯಾರಿಗೆ ಗೊತ್ತಾಗುತ್ತೆ?” ಅಂದರು. ತಮಾಷೆಗೇ ಅಂದದ್ದು. ಆದರೂ ನಾನು ಒಲೆಯ ತನಕ ಹೋಗಿ ಬಂದೆ.

ಮರುದಿನ ಮೇಷ್ಟ್ರ ಮುಂದೆ ಡಬ್ಬಿ ಇಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ನಿಮ್ಮ ಸಿಸ್ಟರ್‌ಗಳು ಬರಿಯೋದು ಒಂದೇ ಕಲ್ಸಿದ್ರೆ ಸಾಕಾಗಿತ್ತು ಕಣಮ್ಮ.”

“ಇದು ಸಿಸ್ಟರ್ ಕಲಿಸಿದ್ದಲ್ಲ ಮೇಷ್ಟ್ರೇ, ಅತ್ತೆ ಕಲಿಸಿದ್ದು.”

ಅವರು ನಗಲಿಲ್ಲ. “ಆಯಮ್ಮಂಗೆ ನೀವೇ ಹೇಳ್ಬೇಕು,” ಅಂದರು.

ಆಕೆ ಮಧ್ಯಾಹ್ನದ ಬಸ್ಸಿಗೆ ಬಂದರು, ಮಗಳ ಡಬ್ಬಿಗೆ ಎಲ್ಲಿ ಜಾಗ ಕೊಟ್ಟಿದ್ದೇವೆ ನೋಡಲು. ನಾನು ಇದ್ದದ್ದು ಇದ್ದಹಾಗೆ ಹೇಳಿದೆ. ಅವರು ನನ್ನ ಮೇಲೆ ರೇಗಲಿಲ್ಲ. ಡಬ್ಬಿ ಕೈಗೆ ತೆಗೆದುಕೊಂಡು ಮುಚ್ಚಳ ತೆಗೆದು ಮೂಸಿದರು. ಮತ್ತೆ ಮುಚ್ಚಿದರು. ಬೋರಲು ಮಾಡಿದರು. ಹೆಬ್ಬೆರಳು ಮೂರು ಚುಕ್ಕೆಗಳ ಮೇಲೆ ನಿಂತಿತು.

“ಇದೇನು?”

“ಗುರುತು ಇರಬೇಕಮ್ಮ. ಮಸಿ ಹೋದ ಮೇಲೆ ಕಂಡಿತು.”

“ಮಿಲ್ನಾಗೆ ಎಲ್ಲಾರ್ದೂ ಒಂದೇ ತರ ಡಬ್ಬಿ,” ಮೇಷ್ಟ್ರು ನನಗೆ ವಿವರಿಸಿದರು. “ಬದಲಾಗ್ದಿರ್ಲಿ ಅಂತ ಒಬ್ಬೊಬ್ರು ಒಂದೊಂದು ಗುರ್ತು ಹಾಕ್ಸಿರೋರು.”

ಆಕೆ ಬಹಳ ಹೊತ್ತು ಬೆರಳು ಆಡಿಸಿದರು.

“ನಮ್ಮುಡ್ಗೀದ್ರಾಗೆ ಗುರ್ತೇ ಇರ್ನಿಲ್ಲ. ಆಕುಸ್ಕೊಡವ್ವ, ಆಕುಸ್ಕೊಡವ್ವ ಅಂತ ದಿನಾ ಬಡ್ಕಂತಿದ್ಲು. ನಾಳೆ ನೋಡಾನ ಅಂತಿದ್ದೆ.” ಬೆರಳು ತೆಗೆದರು. “ಆವತ್ತು ಗೇಟ್ ತಾವ ಡಬ್ಬಿ ಎಲ್ಲಾನೂ ರಾಶಿ ಆಕಿದ್ರು. ಎಲ್ಲಾವೂ ಕರ್ರಗೆ ಅವೆ. ಕೈಗ್ ಸಿಕ್ಕಿದ್ನ ಎತ್ಕಂಡ್ ಬಂದ್ಬುಟ್ಟೆ.”

ತಪ್ಪಾಯಿತು ಅಂದೆ.

“ನೀವ್ ತೊಳೀದಿದ್ರೆ ಇದು ನಂದೇ ಆಗಿರೋದು ಅಮ್ಮಾರೆ,” ಅಂದರು. ಬೈದ ಹಾಗಿರಲಿಲ್ಲ. ಲೆಕ್ಕದಲ್ಲಿ ತಪ್ಪು ಹುಡುಕಿ ತೋರಿಸಿದ ಹಾಗಿತ್ತು.

ಬೇಕಿದ್ದರೆ ಮನೆಗೆ ಒಯ್ಯಿರಿ, ಚುಕ್ಕೆಯ ವಿಷಯ ನಾವು ಯಾರಿಗೂ ಹೇಳುವುದಿಲ್ಲ ಎಂದರು ಮೇಷ್ಟ್ರು. ಆಕೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆಯ ಫೋಟೊಗಳನ್ನು ಒಂದೊಂದಾಗಿ ನೋಡುತ್ತ ಕೂತರು. ಎದ್ದಾಗ ಡಬ್ಬಿಯನ್ನು ತಾವೇ ಗಾಜಿನ ಪೆಟ್ಟಿಗೆಯೊಳಗೆ ಇಟ್ಟರು, ತಳ ಕಾಣುವ ಹಾಗೆ ಬೋರಲು.

“ಆ ಮೂರು ಚುಕ್ಕೀದು ಯಾರೋ ಏನೋ. ಅವರವ್ವ ಬದ್ಕಿದ್ರೆ ಗುರ್ತು ಇಡೀತಾಳೆ. ನಿಮ್ ಚೀಟೀಲಿ ನಮ್ಮುಡ್ಗಿ ಎಸ್ರು ಬ್ಯಾಡ.”

“ಮತ್ತೆ ಏನಂತ ಬರೀಲಿ?”

“ಯಾರ್ ಮಗ್ಳುದೋ, ಇನ್ನೊಬ್ಬಳವ್ವ ಮಡಿಕ್ಕಂಡಿದ್ಲು ಅಂತ ಬರೀರಿ. ಈಗ ತೊಳ್ದೈತೆ ಅಂತ್ಲೂ ಬರೀರಿ. ಇಲ್ದಿದ್ರೆ ಬೆಂಕೀಲಿ ಬೆಂದಿದ್ದು ಇಷ್ಟ್ ಬೆಳ್ಳಗೆ ಹೆಂಗೈತೆ ಅಂತ ಜನ ಕೇಳ್ತಾರೆ.”

ಅವರು ಹೇಳಿದ್ದನ್ನೇ ಬರೆದೆ. ಉದ್ಘಾಟನೆಯ ದಿನ ಬಂದವರಲ್ಲಿ ಹೆಚ್ಚಿನವರು ಆ ಪೆಟ್ಟಿಗೆಯ ಮುಂದೆ ನಿಂತರು. ಮೂರು ಚುಕ್ಕೆಯನ್ನು ಗುರುತಿಸಿದವರು ಯಾರೂ ಇರಲಿಲ್ಲ.

ಈಗಲೂ ಆಕೆ ಸಂತೆಗೆ ಬಂದಾಗ ಮಿಲ್ ರೂಮಿಗೆ ಬರುತ್ತಾರೆ. ಚೀಲ ಬಾಗಿಲ ಹೊರಗಿಟ್ಟು, ಒಳಗೆ ಬಂದು ನನ್ನನ್ನು ಕೇಳುವುದು ಒಂದೇ ಮಾತು.

“ಯಾರಾನ ಬಂದಿದ್ರಾ?”

“ಇಲ್ಲಮ್ಮ,” ಅನ್ನುತ್ತೇನೆ.

ಹಾಗಂದಾಗ ಅವರ ಭುಜ ಕೊಂಚ ಸಡಿಲವಾಗುವುದನ್ನು ನಾನು ನೋಡಿದ್ದೇನೆ. ಪಾಪ, ಬರ್ಬೇಕಿತ್ತು ಎಂದು ಹೇಳಿ, ಪೆಟ್ಟಿಗೆಯ ಪಕ್ಕ ಕೂತುಕೊಳ್ಳುತ್ತಾರೆ. ಬಸ್ಸಿನ ಹೊತ್ತಾಗುವ ತನಕ ಏಳುವುದಿಲ್ಲ.